ಎರಡು ಸಲ ಅತ್ತ ಮಂಚಮ್ಮ

ಸಾವಾದ ಮನೆಯಲ್ಲಿ ಹಾಡಿಕೊಂಡು ಅಳುವುದಕ್ಕೆ ಮಂಚಮ್ಮನನ್ನು ಕರೆಯುತ್ತಿದ್ದರು. ನಜರ್‌ಬಾದಿನ ಆ ಓಣಿಯಲ್ಲಿ ಯಾರೇ ಸತ್ತರೂ ಹೆಣದ ತಲೆದೆಸೆ ಅವಳ ಜಾಗ. ಸತ್ತವರ ಹೆಸರು ಹಿಡಿದು, ಅವರು ಉಂಡದ್ದು, ಉಟ್ಟದ್ದು, ಬೈದದ್ದು ಎಲ್ಲವನ್ನೂ ಎತ್ತಿ ಆಡುವಳು. ಮೂರನೆಯ ಸಾಲು ಮುಗಿಯುವಾಗ ಉಸಿರು ಕಟ್ಟಿ ಬಿಕ್ಕಬೇಕು; ಆಗ ಸುತ್ತ ಕುಳಿತ ಹೆಂಗಸರು ದನಿ ಸೇರಿಸುತ್ತಾರೆ. ಬಿಕ್ಕುವುದನ್ನು ಅತ್ತೆ ಕಲಿಸಿದ್ದಳು. ಕಣ್ಣೀರನ್ನು ಯಾರೂ ಕಲಿಸಿರಲಿಲ್ಲ, ಅದು ತಾನಾಗಿ ಬರುತ್ತಿತ್ತು.

ದೇಶದೇಶದ ವಾದ್ಯಗಳ ಜೊತೆ ಹಾಡುವ ಗಗನ ಎಂಬ ಗಾಯಕಿ ಆ ಹಾಡು ಕಲಿಯಲು ಬಂದಳು. ಅವಳ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುವವರು ಕ್ಯಾಮೆರಾ ಹೊತ್ತು ಹಿಂದೆಯೇ ಬಂದರು.

"ಹೆಣ ಇಲ್ದೆ ಅಳಬಾರ್ದು ಕಣವ್ವ," ಎಂದಳು ಮಂಚಮ್ಮ.

"ಅಪ್ಪನ್ನ ನೆನೆಸ್ಕಂಡು ಅಳವ್ವ. ಸತ್ತೋರೇ ತಾನೆ," ಎಂದ ಮಗ ಪ್ರೇಮ್‌ಕುಮಾರ್. ಅವನು ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಲಗೇಜು ಎತ್ತುವವನು.

ಗಂಡ ಸಣ್ಣಯ್ಯನ ಹೆಸರು ಹಿಡಿದು ಅತ್ತಳು. ಬೆಳಕು ಸರಿ ಬೀಳಲಿಲ್ಲವೆಂದು ಮತ್ತೆ ಕೇಳಿದರು. ಮತ್ತೆಯೂ ಅತ್ತಳು. ಚಿತ್ರದಲ್ಲಿ ಎರಡನ್ನೂ ಇಟ್ಟರು, ಒಂದನ್ನು ಮೊದಲಿಗೆ, ಒಂದನ್ನು ಕೊನೆಗೆ.

ಪತ್ರಿಕೆಯಲ್ಲಿ ವಿಮರ್ಶೆ ಬಂದಾಗ ಪ್ರೇಮ್‌ಕುಮಾರ್ ಗಟ್ಟಿಯಾಗಿ ಓದಲು ಶುರು ಮಾಡಿದ. ಗಗನಳ ಕಂಠವನ್ನು ಹೊಗಳಿದ್ದರು. ನಡುವೆ ಅವನ ಓದು ನಿಂತಿತು.

"ಯಾಕ್ಲಾ ನಿಲ್ಲಿಸ್ದೆ? ಓದು."

"'ಮುದುಕಿ ಎರಡು ಬಾರಿಯೂ ಒಂದೇ ಜಾಗದಲ್ಲಿ, ಒಂದೇ ರೀತಿ ಬಿಕ್ಕುತ್ತಾಳೆ. ಇದು ನಟನೆ. ಇಡೀ ಚಿತ್ರದಲ್ಲಿ ನಟಿಸದವಳು ಗಾಯಕಿ ಒಬ್ಬಳೇ.' ಬುಡವ್ವ, ಅವ್ರಿಗೇನ್ ಗೊತ್ತು."

ಅದು ಓಣಿಯ ವಾಟ್ಸಾಪ್ ಗುಂಪಿಗೂ ಬಂತು. "ಹೀರೋಯಿನ್ ಬಂದ್ರು, ದಾರಿ ಬುಡ್ರಪ್ಪ. ಗ್ಲಿಸರಿನ್ ತಂದಿದ್ದೀಯೇನಕ್ಕ?" ಎಂದಳು ನಲ್ಲಿಯ ಹತ್ತಿರ ನೀರಿಗೆ ನಿಂತಿದ್ದ ಓಣಿಯ ಸುಮಾ. ಮಂಚಮ್ಮನೂ ನಕ್ಕಳು.

ಪಕ್ಕದ ಮನೆಯ ಚಂದ್ರಮತಿ ಮಾತ್ರ ನಗಲಿಲ್ಲ. ಅವಳ ತಾಯಿ ಸತ್ತಾಗ ಅತ್ತವಳು ಮಂಚಮ್ಮನೇ.

"ದೊಡ್ಡವ್ವ, ನಮ್ಮವ್ವಂಗೂ ಅದೇ ಜಾಗ್ದಲ್ಲೇ ಬಿಕ್ಕಿದ್ದೆ. ಅದು ನಿಜಾನಾ?"

"ನಿಜ ಕಣವ್ವ."

"ಸಿನಿಮಾದಲ್ಲಿ ದೊಡ್ಡಪ್ಪಂಗೆ ಅತ್ತಿದ್ದು?"

"ಅದೂ ನಿಜ."

"ಎರಡ್ನೇ ಸಲದ್ದು?"

ಎರಡನೆಯ ಸಲ ಅಳುವಾಗ ಕಣ್ಣ ಮುಂದೆ ಇದ್ದದ್ದು ಏನು? ನೆನೆಸಿಕೊಂಡಷ್ಟೂ ಕ್ಯಾಮೆರಾವೇ ಕಂಡಿತು. ಚಂದ್ರಮತಿ ಉತ್ತರಕ್ಕೆ ಕಾಯದೆ ಎದ್ದು ಹೋದಳು.

ಆಷಾಢದಲ್ಲಿ ಚಂದ್ರಮತಿಯ ಅಪ್ಪ ಪುಟ್ಟಮಾದಯ್ಯ ತೀರಿಕೊಂಡ. ಸಣ್ಣಯ್ಯನ ಚಟ್ಟಕ್ಕೆ ಹೆಗಲು ಕೊಟ್ಟವನು ಅವನು. ಮಂಚಮ್ಮನೇ ಅಳಬೇಕೆಂದು ಹೇಳಿ ಸತ್ತಿದ್ದನಂತೆ, ಹಾಗಾಗಿ ಚಂದ್ರಮತಿ ಹೇಳಿ ಕಳಿಸಿದಳು.

ಮಂಚಮ್ಮ ತಲೆದೆಸೆಯಲ್ಲಿ ಕುಳಿತು "ಪುಟ್ಟಮಾದಣ್ಣಾ" ಎಂದು ಎತ್ತಿದಳು. ಒಂದು ಸಾಲಾಯಿತು, ಎರಡಾಯಿತು. ಮೂರನೆಯದು ಮುಗಿಯುವಾಗ ಹೆಂಗಸರು ಉಸಿರು ಹಿಡಿದು ಕಾದರು. ಚಂದ್ರಮತಿ ಹೆಣವನ್ನು ಬಿಟ್ಟು ಅವಳ ಕಣ್ಣನ್ನೇ ನೋಡುತ್ತಿದ್ದಳು. ಮಂಚಮ್ಮನಿಗೆ ತನ್ನ ಉಸಿರು ಎಲ್ಲಿ ಕಟ್ಟಬೇಕೆಂಬುದು ಮೊದಲೇ ಕಾಣಿಸಿಬಿಟ್ಟಿತು. ದನಿ ಅಲ್ಲೇ ನಿಂತುಹೋಯಿತು.

"ಸಾಕು ಬುಡು ದೊಡ್ಡವ್ವ," ಎಂದಳು ಚಂದ್ರಮತಿ, ಮೆಲ್ಲಗೆ. ಹೆಂಗಸರು ಅವರವರ ಪಾಡಿಗೆ ಅತ್ತುಕೊಂಡರು.

ಮನೆಗೆ ಬಂದು ಮಂಚಮ್ಮ ಸೀದಾ ಬಚ್ಚಲಿಗೆ ಹೋದಳು. ಬಾಗಿಲು ಹಾಕಿಕೊಂಡು, ನೀರು ಹುಯ್ದುಕೊಳ್ಳುವ ಮೊದಲು, ಪುಟ್ಟಮಾದಯ್ಯನ ಹೆಸರನ್ನು ಒಬ್ಬಳೇ ಹಿಡಿದಳು. ಮೂರನೆಯ ಸಾಲಿಗೆ ಬಿಕ್ಕು ಬಂತು, ಸರಿಯಾಗಿ ಅದೇ ಜಾಗದಲ್ಲಿ. ಕಣ್ಣು ಒಣಗಿಯೇ ಇತ್ತು.

ಹೊರಗೆ ಬಂದವಳು ಮಗನಿಗೆ ಹೇಳಿದಳು: "ಇನ್ ಯಾರಾದ್ರೂ ಕರೆಯೋಕ್ ಬಂದ್ರೆ, ಅವ್ವ ಊರಲ್ಲಿಲ್ಲ ಅನ್ನು."