ಒಂಬತ್ತು ಮೀನುಗಳ ಪಾಲು

ನಮ್ಮ ಮನೆ ಒಡೆದದ್ದು ಐವತ್ತನಾಲ್ಕರಲ್ಲೋ ಐವತ್ತೈದರಲ್ಲೋ ಎಂದು ಯಾರಾದರೂ ಕೇಳಿದರೆ ಡೈರಿ ತೆಗೆದು ನೋಡಬೇಕಾಗುತ್ತದೆ. ಸಿಟ್ಟಿಗೆ ಡೈರಿ ಬೇಕಿಲ್ಲ. ಅದು ಇವತ್ತಿಗೂ ಆರಿಲ್ಲ. ಹೊಲ ಹಂಚಿಕೊಂಡರು, ಹಂಚಿಕೊಳ್ಳಲಿ. ಎತ್ತು, ತಾಮ್ರದ ಹಂಡೆ, ನೆಲದಡಿಯ ಹಗೇವಿನ ಜೋಳ ಹಂಚಿಕೊಂಡರು, ಅದೂ ಇರಲಿ. ಒಂಬತ್ತು ಮೀನುಗಳನ್ನು ಮನೆಗೆ ಮೂರರಂತೆ ಹಂಚಿಕೊಂಡರಲ್ಲ, ಅದನ್ನು ನಾನು ಕ್ಷಮಿಸಿಲ್ಲ.

ಮೀನು ತಂದವನು ನಾನೇ. ಹೈದರಾಬಾದಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಂದು ಲಿಂಗಸುಗೂರಿನಲ್ಲಿ ಮಾಸ್ತರನಾಗಿದ್ದೆ. ಅಲ್ಲಿ ದೇವರ ಫೋಟೋಗಳಿಗೆ ಕಟ್ಟು ಹಾಕುವವನೊಬ್ಬನಿದ್ದ. ಅವನಿಂದ ತಗಡಿನ ಚೌಕಟ್ಟಿಗೆ ಗಾಜು ಕೂರಿಸಿ, ಸಂದಿಗಳಿಗೆ ಡಾಂಬರು ಬಳಿಸಿ ತೊಟ್ಟಿ ಮಾಡಿಸಿದೆ. ಶನಿವಾರ ನಮ್ಮೂರು ಸಿಂಧನೂರಿಗೆ ಹೊರಟವನು ತೊಟ್ಟಿ ಸಮೇತ ಮಸ್ಕಿಯಲ್ಲಿ ಬಸ್ಸು ಇಳಿದು, ಹಳ್ಳದಲ್ಲಿ ಟವೆಲ್ ಒಡ್ಡಿ ಮೀನು ಹಿಡಿದು, ಮುಂದಿನ ಬಸ್ಸಿಗೆ ಊರು ಸೇರಿದೆ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದವು. ಬೆಳ್ಳಿ ಮೈ, ಕೆಂಪು ರೆಕ್ಕೆ, ಬಾಲದ ಬುಡದಲ್ಲಿ ಒಂದು ಕಪ್ಪು ಬೊಟ್ಟು. ಹನ್ನೆರಡು ಹಿಡಿದಿದ್ದೆ ಎಂದು ನನ್ನ ನೆನಪು. ಡೈರಿಯಲ್ಲಿ ಒಂಬತ್ತು ಎಂದಿದೆ.

ನಮ್ಮದು ಲಿಂಗ ಕಟ್ಟಿದವರ ಮನೆ. ಊಟದ ಹೊತ್ತಿನಲ್ಲಿ ಮೀನೆಂಬ ಮಾತೇ ಎತ್ತುವಂತಿರಲಿಲ್ಲ. ಅಪ್ಪ ಹೇಳಿದ: "ಪಡಸಾಲಿ ಮೂಲ್ಯಾಗ ಇಟ್ಕೋ ಹೋಗು. ನಿನ್ನ ಮೀನು ನಾ ಮುಟ್ಟಂಗಿಲ್ಲ, ಅದರ ನೀರೂ ಮುಟ್ಟಂಗಿಲ್ಲ. ಮುಟ್ಟಿದ್ರ ಮತ್ತ ಜಳಕ ಮಾಡಬೇಕಾಗ್ತದ." ದೊಡ್ಡಪ್ಪನದೂ ಅದೇ ಮಾತು. ಎಲ್ಲರಿಗೂ ಕಿರಿಯವನಾದ ಕಾಕಾ ಎತ್ತಿಗೆ ಮೇವು ಹಾಕಲು ಎದ್ದು ಹೋದ. ಅವನು ಯಾವುದಕ್ಕೂ ಏನೂ ಅನ್ನುವವನಲ್ಲ.

ವಾರವೆಲ್ಲ ನಾನು ಲಿಂಗಸುಗೂರಿನಲ್ಲಿ. ಮೀನು ನೋಡಿಕೊಂಡವಳು ಕಾಕಾನ ಹೆಂಡತಿ, ನಮ್ಮ ಚಿಗವ್ವ. ಹದಿಮೂರಕ್ಕೆ ಆ ಮನೆಗೆ ಬಂದು, ಇಪ್ಪತ್ತು ಜನರ ರೊಟ್ಟಿ ಬಡಿಯುತ್ತಿದ್ದಳು. ಎಲ್ಲರ ಊಟವಾದ ಮೇಲೆ ತೊಟ್ಟಿಯ ಮುಂದೆ ಕೂತು, ತನ್ನ ರೊಟ್ಟಿಯ ಅಂಚನ್ನು ಪುಡಿ ಮಾಡಿ ಉದುರಿಸಿ, ಆಮೇಲೆ ತಾನು ಉಣ್ಣುತ್ತಿದ್ದಳು. ಆ ಮನೆಯಲ್ಲಿ ಅವಳು ಅರ್ಧ ತಾಸು ಕೂತು ನೋಡುವಂಥದ್ದು ಬೇರೇನೂ ಇರಲಿಲ್ಲ.

"ನೋಡಪಾ, ಒಂದು ಹೊಳ್ಳಿದ್ರ ಎಲ್ಲಾ ಹೊಳ್ಳತಾವ. ಯಾರು ಹೇಳ್ತಾರ ಇವಕ್ಕ?" ನಾನು ಊರಿಗೆ ಬಂದಾಗ, ಒಟ್ಟಿಗೆ ಹೊರಳುವ ಮೀನು ತೋರಿಸಿ ಕೇಳಿದಳು.

ನಾನು ಕಾಲೇಜಿನಲ್ಲಿ ಕಲಿತದ್ದನ್ನು ಒಪ್ಪಿಸಿದೆ. ಇವು ಗುಂಪಿನ ಮೀನು. ಗುಂಪು ಒಡೆದರೆ ಬಣ್ಣ ಬಿಡುತ್ತವೆ, ಕೂಳು ಮುಟ್ಟುವುದಿಲ್ಲ, ಸೊರಗಿ ಸಾಯುತ್ತವೆ. ಈ ಮಾತು ಡೈರಿಯಲ್ಲಿದೆ. ಹಾಗಾಗಿ, ನನಗೆ ಗೊತ್ತಿರಲಿಲ್ಲ ಎಂದು ಹೇಳಲು ದಾರಿಯಿಲ್ಲ.

ಕಾಲುವೆಯ ನೀರು ಬಂದದ್ದೇ ಮೂವರು ಅಣ್ಣತಮ್ಮಂದಿರೂ ಕೆಟ್ಟರು. ಹತ್ತಿ, ಜೋಳ ಬೆಳೆಯುತ್ತಿದ್ದ ಎರೆ ಹೊಲ ರಾತ್ರೋರಾತ್ರಿ ನೆಲ್ಲಿನ ಗದ್ದೆಯಾಗುವುದಿತ್ತು. ಯಾರ ಪಾಲಿಗೆ ಯಾವ ತುಂಡು ಎಂಬುದರ ಮೇಲೆ ಒಬ್ಬರ ಮುಖ ಒಬ್ಬರು ನೋಡದಂತಾದರು. ಪಂಚರು ಬಂದು ಪಡಸಾಲೆಯಲ್ಲಿ ಕೂತರು. ಸಾಲಗುಂದದ ಹಿರಿಯರೊಬ್ಬರು ಅವರಲ್ಲಿ ಮುಖ್ಯ. ಪಾಲು ಮಾಡುವುದರಲ್ಲಿ ಅವರು ಕೂದಲು ಸೀಳುತ್ತಾರೆ ಎಂದು ಹೆಸರಾಗಿತ್ತು. ಮೊರ, ಒನಕೆಯವರೆಗೂ ಹಂಚಿದರು. ಕೊನೆಗೆ ಬಾಗಿಲ ಮರೆಯಿಂದ ಚಿಗವ್ವನ ದನಿ ಬಂತು:

"ನಮ್ಮ ಪಾಲಿನ ಹಂಡೆ ಬ್ಯಾಡ್ರಿ. ಆ ಮೀನಷ್ಟು ನನಗ ಬಿಡ್ರಿ."

"ಮೀನಾ?" ಎಂದ ದೊಡ್ಡಪ್ಪ. "ನಾ ಏನ್ ಸಾರು ಮಾಡ್ಕೊಂಡು ಉಣ್ತೀನೇನು? ಮೀನಿನ ಮಾತಲ್ಲ ಇದು. ಒಬ್ಬರಿಗೇ ಅಷ್ಟೂ ಅಂದ್ರ ನ್ಯಾಯ, ಇನ್ಸಾಫ್ ಹೆಂಗಾಗ್ತದ?"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. "ಇವತ್ತು ಮೀನು ಬಿಟ್ರ, ನಾಳೆ ಕಾಲುವಿ ದಂಡಿ ಹೊಲ ಬಿಡು ಅಂತಾರ."

ಸಾಲಗುಂದದ ಹಿರಿಯರು ತೊಟ್ಟಿಯತ್ತ ಬಗ್ಗಿ ನೋಡಿದರು. "ತಕರಾರು ಯಾಕ್ರಪಾ? ಒಂಬತ್ತು ಅದಾವ, ಮನಿ ಮೂರು. ಶಿವನೇ ಹಿಸ್ಸಾ ಮಾಡಿ ಕಳ್ಸ್ಯಾನ. ಏ ಮಾಸ್ತರ, ಎಣಿಸಿ ಕೊಡು."

ನಾನು ಆಗ ಎದ್ದು ನಿಂತು, "ಹಂಗ ಮಾಡಿದ್ರ ಸಾಯ್ತಾವ" ಎಂದು ಕೂಗಿದೆ. ಹೀಗೆಂದು ನಾನು ನನ್ನ ಹೆಂಡತಿಗೆ, ಮಕ್ಕಳಿಗೆ, ಎಷ್ಟೋ ಜನಕ್ಕೆ ಹೇಳಿದ್ದೇನೆ. ಡೈರಿಯ ಆ ಪುಟದಲ್ಲಿ ಇರುವುದು ಇಷ್ಟೇ: "ಪಾಲು ಮುಗಿಯಿತು. ಮೀನು ಮೂರು ಮೂರು." ಕೂಗಿದ್ದರೆ ಬರೆಯುತ್ತಿದ್ದೆ. ಚಹಾ ಚೆಲ್ಲಿದ್ದನ್ನೂ ಬರೆದಿಡುತ್ತಿದ್ದ ಕಾಲ ಅದು.

ತೊಟ್ಟಿ ನನ್ನದೆಂದು ಅಪ್ಪನ ಪಾಲಿಗೆ ಬಂತು. ದೊಡ್ಡಪ್ಪನ ಮೂರು ಮೀನು ದನದ ಕಲ್ಲುಬಾನಿಗೆ ಬಿದ್ದವು. ಎಮ್ಮೆ ಕುಡಿಯಿತೋ ಕಾಗೆ ಒಯ್ದಿತೋ, ಎರಡನೆಯ ದಿನಕ್ಕೆ ಇರಲಿಲ್ಲ. ಇನ್ಸಾಫ್ ಆಯಿತಲ್ಲ, ಅವನಿಗೆ ಅಷ್ಟು ಸಾಕು. ಚಿಗವ್ವ ತನ್ನವನ್ನು ಉಪ್ಪಿನಕಾಯಿ ಭರಣಿಯಲ್ಲಿ ಇಟ್ಟಳು. ಪಿಂಗಾಣಿಯದು; ಮೇಲಿಂದ ಬಗ್ಗಿದರೆ ಮೂರು ಬೆನ್ನು ಕಾಣುತ್ತಿತ್ತು, ಅಷ್ಟೇ. ಅಂಗಳದ ನಡುವೆ ಎದೆಮಟ್ಟ ಗೋಡೆ ಎದ್ದಿತ್ತು. ಆ ಮನೆಯವರು ಈ ಮನೆಗೆ ಬರುವುದು ನಿಂತಿತ್ತು.

ಆದರೂ ಒಂದು ಭಾನುವಾರ ಮಧ್ಯಾಹ್ನ ಅವಳು ಬಂದಳು. ಸೊಂಟದ ಮೇಲೆ ಭರಣಿ. ಗಂಡನ ಅಣ್ಣನೊಡನೆ ನೇರ ಮಾತಾಡುವಂತಿಲ್ಲ, ಹಾಗಾಗಿ ಸೆರಗು ಮುಂದೆಳೆದುಕೊಂಡು ನನ್ನ ಮುಂದೆ ನಿಂತು ಅಪ್ಪನಿಗೆ ಕೇಳುವಂತೆ ಹೇಳಿದಳು: "ನಿಮ್ಮಪ್ಪಗ ಹೇಳಪಾ. ನನಗೇನೂ ಬ್ಯಾಡ. ನಮ್ಮವು ಮೂರೂ ನೀವ ಇಟ್ಕೋರಿ. ಕೂಳು ಬಿಟ್ಟಾವ. ಎಲ್ಲ್ಯಾದ್ರೂ ಇರಲಿ, ಕೂಡಿ ಇರಲಿ."

ಉತ್ತರಕ್ಕೆ ಕಾಯದೆ ತೊಟ್ಟಿಯೊಳಗೆ ಭರಣಿ ಬಗ್ಗಿಸಿದಳು. ಬಿಳಿಚಿಕೊಂಡು ಮೂಲೆ ಹಿಡಿದಿದ್ದ ನಮ್ಮ ಮೂರು ಹೊರಬಂದವು. ನೋಡುತ್ತಿದ್ದಂತೆ ಆರೂ ಒಂದೇ ಕಡೆ ತಲೆ ಮಾಡಿ, ಒಟ್ಟಿಗೆ ಹೊರಳಿದವು. ಚಿಗವ್ವ ನಕ್ಕಳು. ಈ ನಗು ಖಂಡಿತ ನಿಜ. ಇದನ್ನು ಹುಟ್ಟಿಸಿಕೊಳ್ಳುವಷ್ಟು ಒಳ್ಳೆಯವನಲ್ಲ ನಾನು.

"ತಗಿ ಅವನ್ನ," ಎಂದ ಅಪ್ಪ. "ಅವರ ಹಿಸ್ಸಾ ನಮ್ಮನ್ಯಾಗ ಇರಂಗಿಲ್ಲ. ನಾಳೆ ಪಂಚರ ಮುಂದ ನಾ ಕಳ್ಳ ಆಗಬೇಕೇನು?"

"ಆಕೀನ ಕೊಡಾಕತ್ತಾಳಲ್ಲಪ್ಪಾ."

"ಇವತ್ತು ಕೊಡ್ತಾಳ. ನಾಳೆ ಆಕಿ ಗಂಡ ಕೇಳ್ತಾನ. ತಗಿ."

"ಅವರವು ಯಾವು ಅಂತ ತಗೀಲಿ? ಎಲ್ಲಾ ಒಂದೇ ಥರ ಅದಾವ."

"ಮೂರು ಎಣಿಸು. ಸಾಕು."

ನಲವತ್ತು ವರ್ಷ ನಾನು ದ್ವೇಷಿಸಿದ್ದು ಒಂದು ಕೈಯನ್ನು. ಚಹಾ ಸೋಸುವ ಜರಡಿ ಹಿಡಿದು ನೀರಿಗಿಳಿದ ಕೈ, ಚದುರಿದ ಮೀನುಗಳನ್ನು ಗಾಜಿಗೆ ಒತ್ತಿ ಒಂದೊಂದೇ ಎತ್ತಿದ ಕೈ. ಅದು ಅಪ್ಪನ ಕೈ ಎಂದೇ ನನ್ನ ನೆನಪು. ಅವನ ಕೊನೆಗಾಲದಲ್ಲಿ ನಾನು ಸರಿಯಾಗಿ ಮಾತಾಡಿಸದೆ ಇದ್ದುದಕ್ಕೆ ಆ ಕೈಯೂ ಒಂದು ಕಾರಣ. ಡೈರಿಯಲ್ಲಿ, "ಮೂರು ಮೀನು ಆ ಮನೆಗೆ ವಾಪಸ್" ಎಂದಷ್ಟೇ ಇದೆ. ಮೊನ್ನೆ ಅದನ್ನು ಓದುತ್ತಿರುವಾಗ ಹೊಳೆಯಿತು: ಅಪ್ಪ ಮೀನಿನ ನೀರಿಗೆ ಕೈ ಹಾಕುವವನೇ ಅಲ್ಲ. ಹಾಕಿದ್ದರೆ ಆ ಮಧ್ಯಾಹ್ನ ಎರಡನೆಯ ಜಳಕ ಮಾಡಬೇಕಿತ್ತು, ಮನೆಯೆಲ್ಲ ಗದ್ದಲವಾಗಬೇಕಿತ್ತು. ಆಗಲಿಲ್ಲ. ಆ ಪಡಸಾಲೆಯಲ್ಲಿ ಮೀನು ಮುಟ್ಟುವ ಗಂಡಸು ನಾನೊಬ್ಬನೇ.

ನಾನು ಭರಣಿ ಚಾಚಿದಾಗ ಚಿಗವ್ವ ಬಗ್ಗಿ ನೋಡಿದಳು. "ಇವು ನಮ್ಮವಲ್ಲಪಾ. ನಮ್ಮದು ರೆಕ್ಕಿ ಹರದದ್ದೊಂದಿತ್ತು. ಅದು ಅಲ್ಲೇ ಉಳದದ ನೋಡು." ಅವಳಿಗೆ ಒಂಬತ್ತೂ ಬೇರೆಬೇರೆಯಾಗಿ ಗೊತ್ತಿದ್ದವು. ಪ್ರಾಣಿಶಾಸ್ತ್ರದ ಪದವೀಧರನಿಗೆ ಎಲ್ಲವೂ ಒಂದೇ ಥರ ಕಂಡಿದ್ದವು.

"ಬದಲ್ ಮಾಡ್ಲೇನು?" ಎಂದೆ.

"ಬ್ಯಾಡ ಬಿಡು. ನಿಮ್ಮಪ್ಪಗ ಲೆಕ್ಕ ಕೂಡೇದ."

ಅವಳು ತನ್ನ ಬಾಗಿಲಿಗೆ ಹೋಗಲಿಲ್ಲ. ಬಿಸಿಲಿನಲ್ಲಿ, ಬರಿಗಾಲಲ್ಲಿ, ಭರಣಿಯ ಮೂರನ್ನು ನೀರಿಗೆ ಬಿಡಲು ಓಣಿಗಿಳಿದು ಕಾಲುವೆಯ ಕಡೆ ನಡೆದಳು. ನಮ್ಮ ಮೂರನ್ನೂ ಚೊಂಬಿಗೆ ಹಾಕಿಕೊಂಡು ಹಿಂದೆ ಓಡಿದ್ದರೆ ಓಣಿಯ ಕೊನೆಯಲ್ಲಿ ಸಿಗುತ್ತಿದ್ದಳು. ಅಪ್ಪ ಒಳಗೆ ಹೋಗಿದ್ದ, ತಡೆಯುವವರು ಯಾರೂ ಇರಲಿಲ್ಲ. ನಾನು ಜರಡಿ ತೊಳೆದು ಗೂಟಕ್ಕೆ ಹಾಕಿದೆ. ಆಮೇಲೆ ಕೂತು ಡೈರಿ ಬರೆದೆ.