ಮೊದಲು ಹೇಳಿದ್ದೇ ಸರಿ

ನನ್ನ ಅಣ್ಣ ದಿನಕ್ಕೆ ನೂರಾರು ಸಲ ಕೇಳುವ ಪ್ರಶ್ನೆ ಒಂದೇ. "ಇದು ಚೆನ್ನಾಗಿ ಕಾಣುತ್ತಾ, ಅದಾ?" ಹದಿನೆಂಟು ವರ್ಷದಿಂದ ಕೇಳುತ್ತಿದ್ದಾನೆ. ಕನ್ನಡಕದಂಗಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ಭಾರದ ಫ್ರೇಮು ಏರಿಸಿ, ಒಂದೊಂದೇ ಗಾಜು ಹಾಕಿ ತೆಗೆದು ಕಣ್ಣಿನ ನಂಬರು ಹಿಡಿಯುವುದು ಅವನ ಕೆಲಸ. ಊರಿನವರೆಲ್ಲರ ಬಾಯಿಂದ ಉತ್ತರ ಹೊರಡಿಸುವ ಈ ಮನುಷ್ಯನಿಗೆ ತನ್ನ ವಿಷಯ ಬಂದಾಗ ಮಾತ್ರ ಇದು ಅಂತಲೂ ಬಾಯಿ ಬರುವುದಿಲ್ಲ, ಅದು ಅಂತಲೂ ಬರುವುದಿಲ್ಲ. ಅದನ್ನು ಪಕ್ಕದಲ್ಲೇ ನಿಂತು ನೋಡುವ ಪುಣ್ಯ ನನ್ನದು. ಅದೇ ಅಂಗಡಿಯ ಮುಂಭಾಗದಲ್ಲಿ ಫ್ರೇಮು ಒರೆಸಿ, ಗಿರಾಕಿಗಳ ಕಿವಿಗೆ ಕಡ್ಡಿ ಬಗ್ಗಿಸಿ ಕೂರಿಸುವವಳು ನಾನು, ಅವನ ತಂಗಿ.

ಅವನು ಚಿಕ್ಕಂದಿನಿಂದಲೂ ಹೀಗೇ. ಒಂದು ಜೊತೆ ಚಪ್ಪಲಿ ಕೊಳ್ಳಲು ಹೋಗಿ, ಸಂಜೆಯವರೆಗೆ ಮೀನ ಮೇಷ ಎಣಿಸಿ, ಹಳೆಯದನ್ನೇ ಹಾಕಿಕೊಂಡು ಮನೆಗೆ ಬಂದಿದ್ದಾನೆ. ಎರಡು ಸಂಬಂಧಗಳು ಅವನ "ನೋಡೋಣ" ಎಂಬ ಮಾತಿನಲ್ಲೇ ಮುರಿದುಬಿದ್ದವು. ಎರಡನೆಯ ಹುಡುಗಿಯ ಅಪ್ಪ ನಮ್ಮ ಮನೆಯ ಕುರ್ಚಿಯಿಂದ ಏಳುತ್ತ, "ನೀವು ನೋಡ್ತಾ ಇರಿ, ನಾವು ಬೇರೆ ಕಡೆ ನೋಡ್ತೀವಿ" ಎಂದು ಹೇಳಿ ಹೋದರು. ಅಮ್ಮ ಮೂರು ದಿನ ಅವನ ಹತ್ತಿರ ಮಾತು ಬಿಟ್ಟಳು. ಅವನು ಅದನ್ನು ಗಮನಿಸಲೇ ಇಲ್ಲ. ಆಗ ಅವನು ಕೊಡೆ ಕೊಳ್ಳುವ ವಿಚಾರದಲ್ಲಿದ್ದ.

ಆದರೆ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ನಿಜ. ಒಮ್ಮೆ ನಿವೃತ್ತ ಶಾಲಾ ಟೀಚರೊಬ್ಬರು ಪರೀಕ್ಷೆಗೆ ಬಂದಿದ್ದರು. ಎರಡು ಗಾಜು ತೋರಿಸಿದಾಗ ಮೊದಲು "ಎರಡನೇದು" ಅಂದರು. ತಕ್ಷಣ, "ಇಲ್ಲ, ಇನ್ನೊಂದ್ಸಲ ತೋರಿಸಪ್ಪ" ಅಂದರು. ತೋರಿಸಿದ. "ಮೊದಲನೇದೇ ಇರಬೇಕು. ತಡಿ, ಇನ್ನೊಂದೇ ಸಲ" ಅಂದರು. ಅಣ್ಣ ಗಾಜನ್ನು ಕೆಳಗಿಟ್ಟು ಹೇಳಿದ:

"ಸಾಕು ಟೀಚರೇ. ಮೊದಲು ಹೇಳಿದ್ದೇ ಸರಿ. ಅದನ್ನ ಹೇಳಿದ್ದು ಕಣ್ಣು. ಆಮೇಲಿನದೆಲ್ಲ ಯೋಚನೆ ಹೇಳಿದ್ದು. ಯೋಚನೆಗೆ ಕನ್ನಡಕ ಮಾಡ್ಕೊಡೋಕೆ ನಮಗೆ ಬರಲ್ಲ."

ಟೀಚರು ನಕ್ಕು ಎದ್ದರು. ಆ ಕನ್ನಡಕ ಅವರಿಗೆ ಇಂದಿಗೂ ಸರಿಯಾಗಿದೆ. ಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ನಾನು, ಈ ಮಾತನ್ನು ಅವನ ಹಣೆಗೇ ಅಂಟಿಸಬೇಕು ಎಂದುಕೊಂಡೆ.

ಇನ್ನು ನನ್ನ ಕಥೆ. ಕಣ್ಣು ಪರೀಕ್ಷೆ ಮಾಡುವ ಲೈಸೆನ್ಸನ್ನು ನಾನೂ ಪಡೆದು ಎರಡು ವರ್ಷವಾಯಿತು. ಸಂಜೆ ತರಗತಿಗೆ ಹೋಗಿ, ಬಸ್ಸಿನಲ್ಲಿ ನಿಂತುಕೊಂಡು ಓದಿ ಪಾಸಾದವಳು. ಸರ್ಟಿಫಿಕೇಟು ತಂದು ತೋರಿಸಿದಾಗ ಅಂಗಡಿಯ ಯಜಮಾನರು ಸಂತೋಷಪಟ್ಟು, "ನೋಡಮ್ಮ, ನಮ್ಮಲ್ಲಿ ಇರೋದು ಒಂದೇ ಕೋಣೆ, ಒಂದೇ ಕುರ್ಚಿ. ನಿಮ್ಮಣ್ಣ ಎಲ್ಲಿಗಾದ್ರೂ ಹೊರಟ್ರೆ ಅದು ನಿಂದೇ" ಎಂದರು. ಅಂದಿನಿಂದ ನಾನು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ತುದಿಗಾಲಲ್ಲಿ ನಿಂತಿದ್ದೇನೆ.

ಅವನು ಹೊರಡುವ ಲಕ್ಷಣವೂ ಕಂಡಿತ್ತು. ಒಂದು ಕಣ್ಣಾಸ್ಪತ್ರೆಯವರದು ಸಂಚಾರಿ ಗಾಡಿ ಇದೆ. ವೈದ್ಯರೇ ಇಲ್ಲದ ದೂರದ ಹಳ್ಳಿಗಳಿಗೆ ಹೋಗಿ, ಶಾಲೆಯ ಮಕ್ಕಳ ಕಣ್ಣು ನೋಡಿ, ಅಲ್ಲೇ ಕನ್ನಡಕ ಕೊಡುತ್ತಾರೆ. ಆ ಗಾಡಿಯಲ್ಲಿ ಕೆಲಸ ಮಾಡಬೇಕೆಂದು ಅಣ್ಣ ವರ್ಷಗಟ್ಟಲೆ ಹೇಳುತ್ತಿದ್ದ. ಊಟಕ್ಕೆ ಕೂತರೂ ಅದೇ ಮಾತು. ಕೊನೆಗೊಂದು ದಿನ ಅರ್ಜಿಯನ್ನೂ ಹಾಕಿದ. ಗಾಡಿಯ ಡಾಕ್ಟರಮ್ಮ ಅವನನ್ನು ಆರಿಸಿ, "ಶುಕ್ರವಾರ ನಾಲ್ಕು ಗಂಟೆಯೊಳಗೆ ಬರ್ತೀರೋ ಇಲ್ಲವೋ ಹೇಳಿ. ಸೋಮವಾರ ಗಾಡಿ ಹೊರಡುತ್ತೆ" ಎಂದು ಫೋನು ಮಾಡಿದರು. ಅಣ್ಣ ಏನು ಹೇಳಿದನೆಂದು ಬೇರೆ ಹೇಳಬೇಕಾಗಿಲ್ಲ. ನೋಡೋಣ ಅಂದ.

ನೋಡಲು ಅವನು ಹಿಡಿದ ದಾರಿ, ಚಿತ್ರದ ಎಲೆ ತೆಗೆದು ಭವಿಷ್ಯ ಕೇಳುವ ಟ್ಯಾರೋ ಕಾರ್ಡುಗಳದ್ದು. ಯಾರೋ ಗಿರಾಕಿ ಬಿಟ್ಟುಹೋದ ಪತ್ರಿಕೆಯಲ್ಲಿ ಓದಿ, ಅಂಚೆಯಲ್ಲಿ ತರಿಸಿಕೊಂಡಿದ್ದ. ಮಧ್ಯಾಹ್ನದ ಬಿಡುವಿನಲ್ಲಿ ಪರೀಕ್ಷೆಯ ಗಾಜುಗಳ ಪೆಟ್ಟಿಗೆಯ ಮುಚ್ಚಳದ ಮೇಲೆ ಹರಡಿಕೊಂಡು ಕೂರುತ್ತಿದ್ದ.

"ಕಣಿ ಕೇಳೋದಕ್ಕೆ ಶುರು ಮಾಡಿದ್ಯಾ?" ಎಂದು ನಾನು ಮೊದಲ ದಿನವೇ ಕೇಳಿದೆ.

"ಇದು ಕಣಿ ಅಲ್ಲ ಕಣೇ. ಮನುಷ್ಯರ ಒಳಗೆ ಕೆಲವು ಪಾತ್ರಗಳು ಇರ್ತವಂತೆ. ಅಲೆಮಾರಿ, ರಾಜ, ಒಂಟಿ ಸನ್ಯಾಸಿ, ಹೀಗೆ. ಆರ್ಕಿಟೈಪ್ ಅಂತಾರೆ. ಕಾರ್ಡು ಏನೂ ಹೇಳಲ್ಲ. ಅದನ್ನ ನೋಡಿ ನಾವೇ ಕೇಳ್ಕೋಬೇಕು, ಇವರಲ್ಲಿ ಈಗ ನಾನು ಯಾರು ಅಂತ. ಒಂಥರಾ ಕನ್ನಡಿ."

"ಅಂಗಡೀಲಿ ಹದಿನಾಲ್ಕು ಕನ್ನಡಿ ಇವೆ. ದಿನಾ ಒರೆಸೋಳು ನಾನೇ."

ಅವನಿಗೆ ಅದು ಕೇಳಿಸಲಿಲ್ಲ. ಗಡುವಿನ ವಾರದ ಸೋಮವಾರ ಅವನಿಗೆ ಸಿಂಹಾಸನದ ಮೇಲೆ ಕೂತ ರಾಜ ಬಂದ. ಕೂತಿರುವುದರಿಂದ ಅಂಗಡಿಯಲ್ಲೇ ಇರು ಎಂದಿರಬಹುದು, ರಾಜನಾದ್ದರಿಂದ ರಾಜ್ಯ ಸುತ್ತು ಎಂದೂ ಇರಬಹುದು ಎಂದ. ಮಂಗಳವಾರ ಲಾಂದ್ರ ಹಿಡಿದ ಸನ್ಯಾಸಿ ಬಂದ. ಲಾಂದ್ರ ಎಂದರೆ ಕತ್ತಲೆ ಕೋಣೆಯೋ ದೂರದ ಹಳ್ಳಿಯೋ ಎಂದು ಸಂಜೆಯವರೆಗೆ ತಲೆ ಕೆರೆದುಕೊಂಡ. ಬುಧವಾರ ಒಂದು ಕಾಲಿಗೆ ಹಗ್ಗ ಕಟ್ಟಿಸಿಕೊಂಡು ತಲೆಕೆಳಗಾಗಿ ನೇತಾಡುವ ಮನುಷ್ಯ ಬಂದ. ಇವನೇ ಅವನು, ಇನ್ನು ಕೇಳುವುದೇನಿದೆ ಎಂದು ನನಗನ್ನಿಸಿತು. ಅಣ್ಣ ಅದನ್ನೂ ನೋಟ್‌ಬುಕ್ಕಿನಲ್ಲಿ ಶ್ರದ್ಧೆಯಿಂದ ಬರೆದುಕೊಂಡ. ನನ್ನ ತಲೆ ಚಿಟ್ಟು ಹಿಡಿದುಹೋಯಿತು.

"ಹೋಗು" ಎಂದು ಒಂದು ಮಾತು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಗೆ ಹೇಳಲಿ? ಅವನು ಹೋದರೆ ಕುರ್ಚಿ ನನ್ನದಾಗುತ್ತದೆ. ಬಾಯಿ ತೆರೆದಾಗಲೆಲ್ಲ ಆ ಕುರ್ಚಿ ಗಂಟಲಿಗೆ ಅಡ್ಡ ಬರುತ್ತಿತ್ತು.

ಗುರುವಾರ ನಾನು ಒಂದು ಕೆಟ್ಟ ಕೆಲಸ ಮಾಡಿದೆ. ಕಾರ್ಡುಗಳನ್ನು ಕಲಸಿಟ್ಟು ಅವನು ಕೈ ತೊಳೆಯಲು ಹೋದಾಗ, ಕಟ್ಟಿನಲ್ಲಿ ಹುಡುಕಿ, ಗಂಟು ಹೆಗಲಿಗೇರಿಸಿ ಹೊರಟ ಪೆದ್ದನ ಕಾರ್ಡನ್ನು ಎಲ್ಲಕ್ಕಿಂತ ಮೇಲಿಟ್ಟೆ. ಮುಖ ಮೇಲೆತ್ತಿಕೊಂಡು, ಮುಂದೆ ಬಂಡೆಯ ಅಂಚಿದ್ದರೂ ಲೆಕ್ಕಿಸದೆ ನಡೆಯುವವನು ಅವನು. ಇದಕ್ಕಿಂತ ಬಿಡಿಸಿ ಹೇಳುವ ಚಿತ್ರ ಆ ಕಟ್ಟಿನಲ್ಲಿ ಇರಲಿಲ್ಲ. ಅಣ್ಣ ಬಂದು ತೆಗೆದ. ಬಹಳ ಹೊತ್ತು ನೋಡಿದ.

"ಇಲ್ಲಿ ನೋಡು, ಕಾಲ ಹತ್ತಿರ ಒಂದು ನಾಯಿ ಇದೆ. ಇದು ಅವನನ್ನ ಹೋಗಬೇಡ ಅಂತ ತಡೀತಿದ್ಯಾ, ಹೋಗು ಅಂತ ಅಟ್ಟುತ್ತಿದ್ಯಾ?"

ನಾನು ಹಲ್ಲು ಕಚ್ಚಿಕೊಂಡು ಮುಂಭಾಗಕ್ಕೆ ಹೋದೆ. ಸಂಜೆ ಅವನ ನೋಟ್‌ಬುಕ್ಕು ಕದ್ದು ನೋಡಿದರೆ, ಆ ದಿನದ ಪುಟದಲ್ಲಿ ಹೀಗೆ ಬರೆದಿತ್ತು: "ನಾಯಿ: ತಂಗಿ?"

ಶುಕ್ರವಾರ ಮೂರೂವರೆಯಾದರೂ ಅವನು ಫೋನು ಮುಟ್ಟಿರಲಿಲ್ಲ. ಒಬ್ಬ ಗಿರಾಕಿ ಆಗ ತಾನೇ ಎದ್ದು ಹೋಗಿದ್ದ. ಅಣ್ಣ ಜೇಬಿನಿಂದ ಮತ್ತೆ ಕಾರ್ಡು ತೆಗೆಯುತ್ತಿದ್ದ. ನನ್ನ ತಾಳ್ಮೆ ಕೆಟ್ಟಿತು. ಅವನ ತೋಳು ಹಿಡಿದು ಆ ಕುರ್ಚಿಯ ಮೇಲೆಯೇ ಕೂರಿಸಿ, ದೀಪ ಆರಿಸಿ, ಫ್ರೇಮನ್ನು ಅವನ ಮೂಗಿನ ಮೇಲಿಟ್ಟೆ.

"ಏನೇ ಇದು?"

"ನಿನ್ನ ಕಣ್ಣು ನೋಡಿ ಎಷ್ಟು ವರ್ಷ ಆಯ್ತು? ಸುಮ್ನೆ ಕೂತ್ಕೊ. ಎದುರಿಗಿರೋ ಬೋರ್ಡು ನೋಡು."

ಎಡಗಣ್ಣಿಗೆ ಕರಿ ಬಿಲ್ಲೆ ಹಾಕಿ, ಬಲಗಣ್ಣಿನ ಮುಂದೆ ಗಾಜು ಬದಲಿಸುತ್ತ ಹೋದೆ. ಕೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿತು. ಎರಡು ವರ್ಷ ಒರೆಸುವ ಬಟ್ಟೆ ಹಿಡಿದರೂ ಮರೆತಿರಲಿಲ್ಲ.

"ಇದಾ, ಅದಾ?"

"ಅದು."

"ಇದಾ, ಅದಾ?"

"ಮೊದಲಿಂದು."

"ಗಾಡಿಯಾ, ಅಂಗಡಿಯಾ?"

"ಅಂಗಡಿ."

ಅವನು "ಗಾಡಿ" ಅನ್ನುತ್ತಾನೆಂದೇ ನಾನು ನಂಬಿದ್ದೆ. ಅವನೂ ಹಾಗೇ ನಂಬಿದ್ದನೆಂದು ತೋರುತ್ತದೆ.

"ಇನ್ನೊಂದ್ಸಲ ಕೇಳು" ಎಂದ.

ಕೇಳಬಹುದಿತ್ತು. ಕೇಳಿದ್ದರೆ ಉತ್ತರ ಗಾಡಿ ಎಂದು ಬದಲಾಗುತ್ತಿತ್ತು ಎಂದು ನನಗೆ ಚೆನ್ನಾಗಿ ಗೊತ್ತು. ಎರಡು ವರ್ಷ ಕಾದ ಕುರ್ಚಿ ನನ್ನ ಕಣ್ಣೆದುರಿಗೇ ಇತ್ತು, ಅದರ ಮೇಲೆ ಇವನು ಕೂತಿದ್ದ.

"ಮೊದಲು ಹೇಳಿದ್ದೇ ಸರಿ ಅಣ್ಣ" ಎಂದೆ.

ಅವನು ನಿಧಾನವಾಗಿ ಫ್ರೇಮು ತೆಗೆದ. ಮುಖದಲ್ಲಿ ಎಷ್ಟೋ ವರ್ಷದ ಮೇಲೆ ಒಂದು ನೆಮ್ಮದಿ ಕಂಡಿತು. "ನಂಗೆ ಈ ಕೋಣೆ ಇಷ್ಟ ಕಣೇ. ಗಾಡಿ ಇಷ್ಟ ಆಗ್ಬೇಕು ಅಂತ ಇಷ್ಟಪಡ್ತಿದ್ದೆ ಅಷ್ಟೆ. ಮಕ್ಕಳಿಗೆ ಒಳ್ಳೇದು ಮಾಡೋ ಕೆಲಸ, ಬೇಡ ಅನ್ನೋಕೆ ನಾಚಿಕೆ ಆಗ್ತಿತ್ತು." ಫ್ರೇಮನ್ನು ನನ್ನ ಕೈಗಿಟ್ಟು, "ಡಾಕ್ಟರಮ್ಮಂಗೆ ನೀನೇ ಹೇಳಿಬಿಡ್ತೀಯಾ? ನಂಗೆ ಬಾಯಿ ಬರಲ್ಲ" ಎಂದ.

ಇದೂ ನನ್ನ ತಲೆಗೇ ಬಂತು. ಫ್ರೇಮುಗಳ ಮೇಜಿನ ಹಿಂದೆ ನಿಂತು ನಂಬರು ಒತ್ತುವಾಗ ನನಗೆ ಅಳು ಬರುವಷ್ಟು ಸಿಟ್ಟಿತ್ತು. ಅವನ ಮೇಲೆ, ಯಜಮಾನರ ಮೇಲೆ, ಆ ನಾಯಿಯ ಮೇಲೆ. ಅಣ್ಣ ಬರುವುದಿಲ್ಲ, ಕ್ಷಮಿಸಬೇಕು ಎಂದು ಹೇಳಿ ಮುಗಿಸಿದೆ. ಆ ಕಡೆ ಡಾಕ್ಟರಮ್ಮ ನಿಟ್ಟುಸಿರು ಬಿಟ್ಟರು.

"ಸೋಮವಾರಕ್ಕೆ ನಾನು ಯಾರನ್ನ ಹುಡುಕಲಿ? ಲೈಸೆನ್ಸ್ ಇರೋರು ನಿಮಗೆ ಬೇರೆ ಯಾರಾದ್ರೂ ಗೊತ್ತಾ?"

"ನಾನಿದ್ದೀನಿ."

ಹೇಳಿದವಳು ನಾನೇ. ಹೇಳುವವರೆಗೂ ಆ ಗಾಡಿಯಲ್ಲಿ ನನಗೊಂದು ಜಾಗ ಇರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅಣ್ಣ ತೀರ್ಮಾನಿಸಲಿ ಎಂದು ಎರಡು ವರ್ಷ ಅವನ ಮೇಲೆ ಒಳಗೊಳಗೇ ಸಿಡುಕಿದೆ. ನನ್ನ ತೀರ್ಮಾನವನ್ನೂ ಅವನ ಹೆಗಲಿಗೇ ಹಾಕಿ ಹಾಯಾಗಿ ಬೈದುಕೊಂಡಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನೀವಾ? ಬಹಳ ಒಳ್ಳೇದಾಯ್ತು" ಎಂದರು ಡಾಕ್ಟರಮ್ಮ. "ತಿಂಗಳಿಗೆ ಇಪ್ಪತ್ತು ದಿನ ಊರೂರು ತಿರುಗಬೇಕಮ್ಮ. ಮನೇಲಿ ಕೇಳಿ, ಯೋಚನೆ ಮಾಡಿ, ನಾಳೆ ಹೇಳಿದ್ರೂ ನಡೆಯುತ್ತೆ."

"ಬೇಡ ಡಾಕ್ಟ್ರೇ. ಮೊದಲು ಹೇಳಿದ್ದೇ ಸರಿ."

ಫೋನು ಇಟ್ಟಾಗ ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷ ಬಾಕಿಯಿತ್ತು. ತಿರುಗಿ ನೋಡಿದರೆ ಅಣ್ಣ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಕಣ್ಣು ತೇವವಾಗಿತ್ತು. ಏನಾದರೂ ಒಳ್ಳೆಯ ಮಾತು ಹೇಳುತ್ತಾನೆಂದು ಕಾದೆ. ಅವನು ಜೇಬಿನಿಂದ ಕಾರ್ಡಿನ ಕಟ್ಟು ತೆಗೆದು ಬೀಸಣಿಗೆಯಂತೆ ಹರಡಿ ನನ್ನ ಮುಂದೆ ಹಿಡಿದ.

"ಹೊರಡೋಕೆ ಮುಂಚೆ ಒಂದೇ ಒಂದು ತೆಗೆದು ನೋಡು. ಯಾವುದಕ್ಕೂ ಇರಲಿ."

ಅಷ್ಟರಲ್ಲಿ ಅಂಗಡಿಯ ಬಾಗಿಲು ತೆರೆದು ಒಬ್ಬ ಹೆಂಗಸು ಹಳೆಯ ಕನ್ನಡಕ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದಳು.

"ಅಣ್ಣ" ಎಂದೆ, "ಗಿರಾಕಿ ಬಂದಿದ್ದಾರೆ. ನಿನ್ನ ಕುರ್ಚೀಲಿ ಕೂರಿಸು ಹೋಗು."