ಮಳೆಯಲ್ಲಿ ಎರಡು ಸಲ ನಡೆದ ದಾರಿ

ಕಳೆದ ವಾರ ಸೂರತ್‌ನ ಅಡಾಜಣ್‌ನಲ್ಲಿ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಬೂಟಿನ ತುಂಬ ನೀರು. ಹಳೇ ಗುಜರಾತಿ ಪೇಪರನ್ನು ಉಂಡೆ ಮಾಡಿ ಒಳಗೆ ತುರುಕಿ ಬಾಲ್ಕನಿಯಲ್ಲಿಟ್ಟೆ. ಸ್ವಲ್ಪ ಹೊತ್ತಿಗೆ ಒದ್ದೆ ಕಾಗದ, ರಬ್ಬರು, ಬೆವರು ಎಲ್ಲ ಬೆರೆತ ವಾಸನೆ ಮನೆಯೊಳಗೆ ಬಂತು. ಮಗಳು "ಛೀ" ಅಂದಳು. ನನಗೆ ಕಾಕಾ ನೆನಪಾದರು... ಬೂಟು ಒಣಗಿಸುವ ಈ ಉಪಾಯ ಅವರದೇ.

ವಡೋದರದಲ್ಲಿ ನಾವಿದ್ದ ಫ್ಲ್ಯಾಟಿನ ಕೆಳಗಿನ ಮನೆ ಅವರದು. ಗದಗ ಕಡೆಯವರು, ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದು ನಿವೃತ್ತರಾದವರು. ನಾನು ತುಮಕೂರಿನವಳು, ಇನ್ಶೂರೆನ್ಸ್ ಆಫೀಸಿನ ವರ್ಗಾವಣೆಯಲ್ಲಿ ಅಲ್ಲಿಗೆ ಹೋಗಿ ಬಿದ್ದವಳು. ಅವರ ಬಾಯಲ್ಲಿ ನಾನು ತಂಗಿ, ನನ್ನ ಬಾಯಲ್ಲಿ ಅವರು ಕಾಕಾ, ಅವರ ಹೆಂಡತಿ ಕಾಕಿ.

ಕಾಕಾ ದೇವರಿಗೆ ಕೈ ಮುಗಿದದ್ದನ್ನು ನಾನೆಂದೂ ನೋಡಿರಲಿಲ್ಲ. ಅಂಥವರು ಭಾದ್ರಪದದಲ್ಲಿ ಅಹಮದಾಬಾದಿನಿಂದ ಅಂಬಾಜಿ ದೇವಿಯ ಗುಡಿಗೆ ನಡೆದು ಹೋಗುವ ಸಂಘಕ್ಕೆ ಹೆಸರು ಕೊಟ್ಟುಬಿಟ್ಟರು. ಪರರ ವಿಷಯದಲ್ಲಿ ಮೂಗು ತೂರಿಸುವುದು ನನ್ನ ಹುಟ್ಟುಗುಣ. ಯಾಕೆಂದು ಕೇಳಿದರೆ ಕಾಕಾ ಬರೀ ನಕ್ಕರು. ಆಗಷ್ಟೇ ಆಫೀಸಿನಲ್ಲಿ ಮೈಂಡ್‌ಫುಲ್‌ನೆಸ್ ತರಬೇತಿ ಮುಗಿಸಿದ್ದೆ. ಉಸಿರನ್ನು ಗಮನಿಸುತ್ತ ನಡೆಯುವ ಹುಮ್ಮಸ್ಸೂ ಇತ್ತು. ರಜೆ ಹಾಕಿ ನಾನೂ ಹೊರಟೆ.

ಗುಟ್ಟು ಮೊದಲ ಸಂಜೆಯೇ ಕಾಕಿಯ ಫೋನಿನಲ್ಲಿ ಬಯಲಾಯಿತು; ಕಾಕಾ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತಿದ್ದರು. ಹರಕೆ ಕಾಕಿಯದು. ಕಾಕಾಗೆ ಹೃದಯದ ಆಪರೇಷನ್ ಆದಾಗ, ಗಂಡ ಉಳಿದರೆ ನಡೆದು ಬರುತ್ತೇನೆಂದು ಹೊತ್ತುಕೊಂಡಿದ್ದರು. ಗಂಡ ಉಳಿದರು. ಆಮೇಲೆ ಕಾಕಿಗೇ ಲಕ್ವಾ ಹೊಡೆದು ಎಡಗಾಲು ಹೋಯಿತು. ಅವರ ಬದಲು ಗಂಡ ನಡೆಯಬಹುದು, ಆದರೆ ಕಾಕಿಯದೊಂದು ಕರಾರಿತ್ತು.

"ನಾ ನಡದಿದ್ರ ಏನೇನು ನೋಡತಿದ್ನೋ ಅಷ್ಟೂ ನೀವು ನೋಡಿ ನನಗ ಹೇಳಬೇಕು. ಇಲ್ಲಂದ್ರ ಅದು ನಿಮ್ಮ ವಾಕಿಂಗ್ ಆಗತೈತಿ, ನನ್ನ ಹರಕಿ ಆಗಂಗಿಲ್ಲ."

ಕಾಕಾಗೆ ಇದು ದೊಡ್ಡ ಪರೀಕ್ಷೆ. ಹಿಂದೆ ಡ್ಯೂಟಿ ಮುಗಿಸಿ ಬಂದಾಗಲೆಲ್ಲ ಕಾಕಿ ದಾರಿಯಲ್ಲಿ ಏನು ಕಂಡಿರೆಂದು ಕೇಳುತ್ತಿದ್ದರಂತೆ. "ಏನಿರತೈತಿ, ಹಳಿ, ಸಿಗ್ನಲ್" ಎಂದು ಹೇಳಿ ಇವರು ಉಂಡು ಮಲಗುತ್ತಿದ್ದರಂತೆ. ಈಗ ದಿನಾ ಸಂಜೆ ಶಾಲೆ ಹುಡುಗನ ಹಾಗೆ ಪಾಠ ಒಪ್ಪಿಸಬೇಕಾಗಿತ್ತು.

ವಿಸನಗರ ದಾಟಿದ ಮೇಲೆ ಮಳೆ ಹಿಡಿಯಿತು. ಜೊತೆಗೆ ಗಾಳಿ, ಕೊಡೆಗಳು ಉಲ್ಟಾ ಆದವು, ಮೈಮೇಲೆ ಹೊದ್ದ ಪ್ಲಾಸ್ಟಿಕ್ ಹಾಳೆ ಪಟಪಟ ಬಡಿಯತೊಡಗಿತು. ಉಸಿರು ಗಮನಿಸುವ ನನ್ನ ವಿದ್ಯೆ ಅಲ್ಲೇ ಸೋತಿತು. ಮೂಗಿನ ತುದಿಯಿಂದ ನೀರು ಇಳಿಯುವಾಗ ಉಸಿರು ಯಾರಿಗೆ ನೆನಪಿರುತ್ತದೆ? ಎಲ್ಲರೂ ತಲೆ ತಗ್ಗಿಸಿ, ಮುಂದಿನವರ ಹಿಮ್ಮಡಿ ನೋಡುತ್ತ, ಯಾತ್ರಿಕರಿಗೆಂದು ಹಾಕಿದ್ದ ಪೆಂಡಾಲು ಸೇರಿಕೊಂಡೆವು.

ಕಾಕಿಯ ಫೋನು ಬಂತು. "ಇವತ್ತ ಏನ ನೋಡಿದ್ರಿ?"

"ನವಿಲು ಅನ್ನಿ," ಎಂದು ನಾನು ಪಿಸುಗುಟ್ಟಿದೆ. ಆ ಸೀಮೆಯಲ್ಲಿ ನವಿಲಿಗೇನು ಬರ? ಕಾಕಾ ನನ್ನನ್ನೊಮ್ಮೆ ನೋಡಿದರು.

"ಏನೂ ನೋಡ್ಲಿಲ್ಲ. ಮಳಿ ಭಾಳ ಇತ್ತು," ಎಂದರು ಫೋನಿಗೆ.

ಕಾಕಿ ಸಿಟ್ಟಿಲ್ಲದೆ ಹೇಳಿದರು: "ಹಂಗಾದ್ರ ಅಷ್ಟು ದಾರಿ ನಾ ನಡದಿಲ್ಲ ಬಿಡ್ರಿ."

ಬೆಳಿಗ್ಗೆಯೂ ಮಳೆ. ಸಂಘ ಮುಂದಕ್ಕೆ ಹೊರಟರೆ ಕಾಕಾ ಹಿಂದಕ್ಕೆ ಹೋಗುವ ರಿಕ್ಷಾ ಹತ್ತಿದರು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಗೊಣಗುತ್ತ ನಾನೂ ಹತ್ತಿದೆ. ಸುರಿಯುವ ಮಳೆಯಲ್ಲಿ ಈ ಮನುಷ್ಯ ಅದೇನು ನೋಡುತ್ತಾರೋ ನೋಡೇಬಿಡೋಣ ಎನ್ನಿಸಿತ್ತು.

ವಿಸನಗರದ ಹೊರಗೆ ಇಳಿದು ಅದೇ ರಸ್ತೆಯಲ್ಲಿ ಮತ್ತೆ ನಡೆಯತೊಡಗಿದೆವು. "ಮಳ್ಯಾಗ ದೂರಂದು ಕಾಣಂಗಿಲ್ಲ, ತಂಗೀ. ಕೈಗೆ ಎಟಕೂವಷ್ಟ ನೋಡೂಣು," ಎಂದರು ಕಾಕಾ. ಕೆಲಸದಲ್ಲಿದ್ದಷ್ಟು ಕಾಲವೂ ದೂರದ ಸಿಗ್ನಲ್ಲನ್ನೇ ನೋಡಿದ ಕಣ್ಣುಗಳು ಅವು.

ಕೈಗೆ ಎಟಕುವಷ್ಟರಲ್ಲೇ ಎಷ್ಟೆಲ್ಲ ಇತ್ತು! ಔಡಲದ ಅಗಲ ಎಲೆಯ ಮೇಲೆ ಹನಿ ಟಪಟಪ ಬೀಳುತ್ತಿತ್ತು; ಪಕ್ಕದ ಜಾಲಿಯ ಮೇಲೆ ಬಿದ್ದದ್ದಕ್ಕೆ ಸದ್ದೇ ಇಲ್ಲ. ನಮ್ಮನ್ನು ದಾಟಿ ಹೋದ ಹೆಂಗಸಿನ ಕೈಯಲ್ಲಿದ್ದ ಕೆಂಪು ಧ್ವಜದ ಬಣ್ಣ ಕರಗಿ ಅವಳ ಮೊಣಕೈವರೆಗೆ ಇಳಿದಿತ್ತು. ಯಾತ್ರಿಕರಿಗೆ ಚಹಾ ಕೊಡುತ್ತಿದ್ದ ಮುದುಕನೊಬ್ಬ ಪಾತ್ರೆಗೆ ಕೊಡೆ ಹಿಡಿದು ತಾನು ನೆನೆಯುತ್ತಿದ್ದ. ರಸ್ತೆ ಬದಿ ಕಟ್ಟಿದ್ದ ಎಮ್ಮೆಯ ಬೆನ್ನಿಂದ ಹಬೆ ಏಳುತ್ತಿತ್ತು. ಕಾಕಾ ಅದರ ಮೇಲೆ ಅಂಗೈ ಇಟ್ಟು, "ಬಿಸಿ ಐತಿ ನೋಡ," ಎಂದರು. ನಾನೂ ಇಟ್ಟೆ, ಬಿಸಿ ಇತ್ತು! ನನ್ನ ಮನಸ್ಸು ಆಫೀಸಿನ ಕಡೆ ಓಡಿದರೆ ಮುಖ ನೋಡಿಯೇ ಕಂಡುಹಿಡಿದು, "ಎಲ್ಲಿ ಅದಿ, ತಂಗೀ?" ಎನ್ನುತ್ತಿದ್ದರು. ಪೆಂಡಾಲು ಮತ್ತೆ ಕಂಡಾಗ ಇಷ್ಟು ಬೇಗ ಬಂತೇ ಎಂದು ನನಗೆ ಬೇಸರವೇ ಆಯಿತು.

ಅಂದು ಸಂಜೆ ಫೋನಿನಲ್ಲಿ ಕಾಕಾ ಹೇಳುತ್ತಲೇ ಹೋದರು. ಎಮ್ಮೆಯ ಸುದ್ದಿ ಬಂದಾಗ ಕಾಕಿ ಕಿಲಕಿಲ ನಕ್ಕರು. "ಈಗ ನೋಡ್ರಿ ನನ್ನ ಕಾಲು ನೋಯಾಕ ಹತ್ತಿದ್ವು," ಎಂದರು.

ಅಂಬಾಜಿ ಮುಟ್ಟಿದೆವು, ಹರಕೆ ತೀರಿತು. ಅದಾದ ಮೇಲಿನ ಚಳಿಗಾಲದಲ್ಲಿ ಕಾಕಾ ಹೋಗಿಬಿಟ್ಟರು. ಅಷ್ಟರಲ್ಲಿ ನನಗೆ ಸೂರತ್‌ಗೆ ವರ್ಗವಾಗಿತ್ತು. ಮಾತಾಡಿಸಲು ಹೋದಾಗ ಕಾಕಿ ಅಳಲಿಲ್ಲ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ದಾರ್ಯಾಗಿಂದೆಲ್ಲಾ ಹೇಳಿದ್ರು, ತಂಗೀ. ತಾವು ಹೆಂಗ ನಡದ್ರು ಅನ್ನೂದೊಂದು ಹೇಳಲಿಲ್ಲ. ಅದನ್ನ ನೀ ನೋಡೀಯಲ್ಲ, ಹೇಳ."

ಹೇಳಿದೆ. ಸಂಘದಲ್ಲಿ ಯಾವಾಗಲೂ ಕೊನೆಯವರಾಗಿಯೇ ನಡೆಯುತ್ತಿದ್ದರು, ಗಾಡಿಯ ಕೊನೇ ಡಬ್ಬಿಯಲ್ಲಿ ಕೂತು ಬಂದ ಗಾರ್ಡ್ ಅಲ್ಲವೇ ಎಂದೆ. ಪ್ಲಾಸ್ಟಿಕ್ ಹಾಳೆಯನ್ನು ತಲೆಗೆ ಹೊದೆಯದೆ ಎದೆಗೆ ಸುತ್ತಿಕೊಳ್ಳುತ್ತಿದ್ದರು, ಫೋನು ನೆನೆಯಬಾರದೆಂದು. ಕಾಕಿ ಕಣ್ಣು ಮುಚ್ಚಿ ಕೇಳಿದರು. "ಇನ್ನ?" ಎಂದರು. ಅಂದಿನಿಂದ ಸೂರತ್‌ನಲ್ಲಿ ನನಗೇನಾದರೂ ನೆನಪಾದಾಗಲೆಲ್ಲ ಫೋನು ಮಾಡಿ ಹೇಳುತ್ತಿದ್ದೆ...

ಹೋದ ವರ್ಷ ಕಾಕಿಯೂ ಹೋದರು. ನೆನಪುಗಳಿಗೆ ಅದು ಗೊತ್ತಿಲ್ಲ, ಬರುತ್ತಲೇ ಇವೆ. ಆ ಮಳೆಯಲ್ಲಿ ಎರಡನೇ ಸಲ ನಡೆಯುವಾಗ ಕಾಕಾರ ತುಟಿ ಒಂದೇ ಸಮನೆ ಅಲುಗುತ್ತಿತ್ತು. ಕೊನೆಗೂ ದೇವಿಯ ಜಪ ಶುರುವಾಯಿತೆಂದು ಒಳಗೇ ನಕ್ಕಿದ್ದೆ. ಕಳೆದ ವಾರ ಆ ಬೂಟಿನ ವಾಸನೆಗೆ ತಟ್ಟನೆ ಹೊಳೆಯಿತು: ಜಪವಲ್ಲ, ಅವರು ಔಡಲ, ಜಾಲಿ, ಧ್ವಜ, ಚಹಾ, ಎಮ್ಮೆ ಎಂದು ಬಾಯಿಪಾಠ ಮಾಡುತ್ತಿದ್ದರು, ಸಂಜೆ ಒಂದೂ ಮರೆಯಬಾರದೆಂದು. ಕಾಕಿಗೆ ಹೇಳಬೇಕೆಂದು ಫೋನು ಎತ್ತಿಕೊಂಡೇಬಿಟ್ಟೆ. ಅವರಿಗೆ ಹೇಳಬೇಕಾದ ಮುಖ್ಯ ಸಂಗತಿ ಇದೊಂದೇ ಇತ್ತು, ಇದನ್ನೇ ಹೇಳಲಾಗಲಿಲ್ಲ.